ಸೂಪರ್‌ಮ್ಯಾನ್ ಮೀಸೆ ಪುರಾಣ

2017ರ ಸೂಪರ್‌ಹೀರೋ ಚಿತ್ರ ‘ಜಸ್ಟಿಸ್ ಲೀಗ್’ ಮತ್ತೆ ನೋಡ್ತಾ ಕೂತಿದ್ದೆ. ಶುರುವಿನಲ್ಲೇ ಸೂಪರ್‌ಮ್ಯಾನ್ ಮಕ್ಕಳ ಮೊಬೈಲ್ ಎದುರು ಮಾತಾಡ್ತಾನಲ್ಲ, ಅಲ್ಲಿ ಅವನ ಮಾತು ಯಾರಿಗೆ ಬೇಕು? ಕಣ್ಣೆಲ್ಲ ಮೇಲ್ದುಟಿ ಮೇಲೆ. ಸೂಪರ್‌ಮ್ಯಾನ್ ಪಾತ್ರ ಮಾಡಿದ ಹೆನ್ರಿ ಕ್ಯಾವಿಲ್ ಆಗ ಇನ್ನೊಂದು ಚಿತ್ರಕ್ಕೆ ಮೀಸೆ ಬಿಟ್ಟಿದ್ದರು, ಬೋಳಿಸುವ ಹಾಗಿರಲಿಲ್ಲ. ಮರುಚಿತ್ರೀಕರಣದ ದೃಶ್ಯಗಳಲ್ಲಿ ಅದನ್ನು ಕಂಪ್ಯೂಟರಿನಲ್ಲೇ ಅಳಿಸಿದರು. ಜೇನುಹುಳ ಕಚ್ಚಿದವರ ಹಾಗೆ ತುಟಿ ಊದಿಕೊಂಡಿದೆ! ಅಭಿಮಾನಿಗಳು ಸುಮ್ಮನೆ ಬಿಡ್ತಾರಾ? ಮೀಮ್‌ಗಳ ಸುರಿಮಳೆ.

ಹಾಗಂತ ಅವರು ಬರೀ ಗೇಲಿ ಮಾಡಿ ಕೈತೊಳೆದುಕೊಳ್ಳಲಿಲ್ಲ. ಮಗಳನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡ ನಿರ್ದೇಶಕ ಜಾಕ್ ಸ್ನೈಡರ್ ನಡುವೆಯೇ ಹೊರಬಂದಿದ್ದರು, ಚಿತ್ರ ಮುಗಿಸಿದ್ದು ಜಾಸ್ ವೀಡನ್. ಸ್ನೈಡರ್ ಅಂದುಕೊಂಡ ರೂಪವನ್ನೇ ಕೊಡಿ ಅಂತ ಈ ಜನ ವರ್ಷಗಟ್ಟಲೆ ಪಟ್ಟು ಹಿಡಿದರು. ಜೊತೆಗೆ ಆತ್ಮಹತ್ಯೆ ತಡೆಗೆ ದುಡಿಯುವ ಸಂಸ್ಥೆಗೆ ಹಣವನ್ನೂ ಕೂಡಿಸಿದರು. ಇದೇ ಗುಂಪಿನ ಕೆಲವರು ಒಪ್ಪದವರ ಮೇಲೆ ಮುಗಿಬಿದ್ದು ಬಾಯಿಗೆ ಬಂದಂತೆ ಬೈದದ್ದೂ ಉಂಟು. ಒಂದೇ ಹುಚ್ಚು, ಎರಡು ಮುಖ. ಇಷ್ಟು ಪ್ರೀತಿಸೋರ ಹತ್ತಿರ ಇಷ್ಟೊಂದು ಸಿಟ್ಟು ಎಲ್ಲಿಂದ ಬರುತ್ತೋ!

ಕೊನೆಗೂ 2021ರ ಮಾರ್ಚ್‌ನಲ್ಲಿ ಬಂತು, ಬರೋಬ್ಬರಿ ನಾಲ್ಕು ಗಂಟೆಯ ಚಿತ್ರ. ಪರದೆ ಕೂಡ ಹಳೇ ಟೀವಿಯಂತೆ ಚೌಕಾಕಾರ. ನನ್ನ ಪ್ರಕಾರ ಅರ್ಧ ಗಂಟೆ ಕತ್ತರಿಸಿದ್ದರೂ ಯಾರಿಗೂ ಗೊತ್ತಾಗ್ತಿರಲಿಲ್ಲ, ಆ ಸ್ಲೋ ಮೋಷನ್ ಸಹವಾಸ ಸಾಕಪ್ಪಾ. ಆದರೆ ಮೊದಲ ಚಿತ್ರದಲ್ಲಿ ಮೂಲೆಗುಂಪಾಗಿದ್ದ ಅರ್ಧ ಮನುಷ್ಯ ಅರ್ಧ ಯಂತ್ರದ ನಾಯಕ ಸೈಬಾರ್ಗ್ ಇಲ್ಲಿ ಕಥೆಯ ಎದೆಯೇ ಆಗಿದ್ದಾನೆ. ಅವನೂ ಅವನಪ್ಪನೂ ಇರುವ ದೃಶ್ಯಗಳನ್ನು ಮಾತ್ರ ಮತ್ತೆ ಹಾಕಿ ನೋಡಿದೆ.