ಪಟ್ಟಿಯಿಂದ ಹೆಸರು ತೆಗೆಯುವಾಗ

2010ರ ಅಕ್ಟೋಬರ್‌ನಲ್ಲಿ ನಾನು ಸಾಫ್ಟ್‌ವೇರ್ ಕಂಪನಿಯ ಆನ್‌ಸೈಟ್ ಕೆಲಸದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದೆ. ಊರಿಗೆ ಊರೇ ಜೈಂಟ್ಸ್ ತಂಡದ ಕಪ್ಪು-ಕಿತ್ತಳೆ ಟೋಪಿ ತೊಟ್ಟು ಓಡಾಡುತ್ತಿದ್ದ ಆ ದಿನಗಳಲ್ಲಿ, ಬೇಸ್‌ಬಾಲ್‌ನ ಗಂಧಗಾಳಿಯೂ ಇಲ್ಲದ ನನ್ನ ಗಮನ ಸೆಳೆದವರು ತಂಡದ ಮ್ಯಾನೇಜರ್ ಬ್ರೂಸ್ ಬೋಚಿ. ಕ್ರಿಕೆಟ್‌ನಲ್ಲಿ ಮ್ಯಾನೇಜರ್ ಎಂದರೆ ಪ್ರವಾಸ, ವಸತಿಗಳ ವ್ಯವಸ್ಥೆ ನೋಡಿಕೊಳ್ಳುವವರು. ಬೇಸ್‌ಬಾಲ್‌ನಲ್ಲಿ ಯಾರು ಆಡಬೇಕು, ಚೆಂಡೆಸೆಯುವ ಪಿಚರ್‌ನನ್ನು ಯಾವಾಗ ಬದಲಿಸಬೇಕು ಎಂಬುದೆಲ್ಲ ಅವರದೇ ತೀರ್ಮಾನ, ಆಟಗಾರರಂತೆ ಅವರೂ ಸಮವಸ್ತ್ರದಲ್ಲೇ ಇರುತ್ತಾರೆ.

ಬೋಚಿ ಆಟಗಾರರಾಗಿ ಹೆಸರು ಮಾಡಿದವರಲ್ಲ. ಹ್ಯೂಸ್ಟನ್, ನ್ಯೂಯಾರ್ಕ್, ಸ್ಯಾನ್ ಡಿಯಾಗೋ ತಂಡಗಳಲ್ಲಿ 1978ರಿಂದ 1987ರವರೆಗೆ ಅವರು ಆಡಿದ್ದು ಒಟ್ಟು 358 ಪಂದ್ಯ. ಒಂದು ಋತುವಿಗೇ 162 ಪಂದ್ಯಗಳಿರುವ ಆಟದಲ್ಲಿ ಇದು ಏನೇನೂ ಅಲ್ಲ. ನಮ್ಮ ವಿಕೆಟ್ ಕೀಪರ್‌ಗೆ ಹತ್ತಿರವಾದ ಕ್ಯಾಚರ್ ಸ್ಥಾನಕ್ಕೆ ಅವರು ಬದಲಿ ಆಟಗಾರರಾಗಿದ್ದರು. ಹೆಚ್ಚು ಕಾಲ ಬೆಂಚಿನ ಮೇಲೆ ಕುಳಿತವರಿಗೆ ಬೆಂಚಿನ ಮೇಲೆ ಕುಳಿತವರ ಮನಸ್ಸು ತಿಳಿದಿರುತ್ತದೆ ಎಂಬುದು ನನ್ನ ಊಹೆ. ನಂತರ ಚಿಕ್ಕ ಲೀಗ್‌ಗಳಲ್ಲಿ ತಂಡಗಳನ್ನು ನಡೆಸಿ, 1995ರಲ್ಲಿ ಸ್ಯಾನ್ ಡಿಯಾಗೋ ತಂಡಕ್ಕೂ 2007ರಲ್ಲಿ ಜೈಂಟ್ಸ್‌ಗೂ ಮ್ಯಾನೇಜರ್ ಆದರು.

ಆ ಅಕ್ಟೋಬರ್‌ನಲ್ಲಿ ಅವರು ಏಳು ವರ್ಷಕ್ಕೆ 12.6 ಕೋಟಿ ಡಾಲರ್‌ಗಳ ಒಪ್ಪಂದವಿದ್ದ ಪಿಚರ್ ಬ್ಯಾರಿ ಜಿಟೋರನ್ನು ಅಂತಿಮ ಸುತ್ತುಗಳ ಪಟ್ಟಿಯಿಂದಲೇ ಹೊರಗಿಟ್ಟರು. ಜೈಂಟ್ಸ್ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ನಾನು ಅದರಿಂದ ಕಲಿತದ್ದು ಅರ್ಧ ಪಾಠ ಮಾತ್ರ: ದೊಡ್ಡ ಹೆಸರಿಗೆ ಮಣಿಯಬಾರದು ಎಂಬುದು.

ಮರುವರ್ಷ ಬೆಂಗಳೂರಿಗೆ ಮರಳಿ ಟೀಮ್ ಲೀಡ್ ಆದ ಮೇಲೆ ಆ ಅರ್ಧ ಪಾಠವನ್ನೇ ಪ್ರಯೋಗಿಸಿದೆ. ಹಿಂದಿನ ರಿಲೀಸ್‌ನಲ್ಲಿ, ಅಂದರೆ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಜಾರಿಗೊಳಿಸುವಾಗ, ಒಂದು ಕಾನ್ಫಿಗರೇಷನ್ ಫೈಲ್ ಸೇರಿಸಲು ಮರೆತಿದ್ದ, ಸೇವೆಯಲ್ಲಿ ನನಗಿಂತ ಆರು ವರ್ಷ ಹಿರಿಯರಾದ ಸಹೋದ್ಯೋಗಿಯ ಹೆಸರನ್ನು ಮುಂದಿನ ರಿಲೀಸ್ ರಾತ್ರಿಯ ಪಟ್ಟಿಯಿಂದ ತೆಗೆದು, ಸಂಜೆ ಆರಕ್ಕೆ ಎಲ್ಲರಿಗೂ ಮೇಲ್ ಕಳಿಸಿಬಿಟ್ಟೆ. ತೀರ್ಮಾನ ತಪ್ಪಾಗಿರಲಿಲ್ಲವೆಂದು ಈಗಲೂ ನಂಬಿದ್ದೇನೆ. ಆದರೆ ಕಾಫಿಗೆಂದು ಎದ್ದು ಹೋಗುವಾಗ ಅವರ ಮೇಜಿನ ಮೇಲೆ, ರಾತ್ರಿಯೂಟಕ್ಕೆಂದು ಮನೆಯಿಂದ ತಂದಿದ್ದ ಎರಡು ಅಂತಸ್ತಿನ ಟಿಫಿನ್ ಕ್ಯಾರಿಯರ್ ಕಂಡಿತು. ಅವರು ಅದನ್ನು ಚೀಲಕ್ಕೆ ತುಂಬಿಕೊಳ್ಳುತ್ತಾ, "ಎದ್ದು ಬಂದು ಒಂದು ಮಾತು ಹೇಳಬಹುದಿತ್ತಲ್ವಾ ನೀವು," ಎಂದಷ್ಟೇ ಹೇಳಿ ಹೊರಟರು. ಮುಂದಿನ ಹಲವು ತಿಂಗಳು ಅವರು ಕೇಳಿದ್ದಕ್ಕಷ್ಟೇ ಉತ್ತರಿಸಿದರು. ಬಡ್ಡಿ ಲೆಕ್ಕದ ಹಳೆಯ ಕೋಡ್ ಅವರೊಬ್ಬರಿಗೇ ಗೊತ್ತಿದ್ದರಿಂದ ನಷ್ಟ ನನ್ನದೇ ಆಯಿತು.

ಉಳಿದರ್ಧ ಪಾಠ ದೊರೆತದ್ದು 2012ರ ಅಕ್ಟೋಬರ್ 20ರ ಶನಿವಾರ ಬೆಳಿಗ್ಗೆ, ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ. ಸೇಂಟ್ ಲೂಯಿಸ್ ವಿರುದ್ಧದ ಸರಣಿಯಲ್ಲಿ 1–3ರಿಂದ ಹಿಂದಿದ್ದ, ಇನ್ನೊಂದು ಸೋತರೆ ಮನೆಗೆ ಹೋಗಬೇಕಿದ್ದ ಜೈಂಟ್ಸ್ ಪರವಾಗಿ ಬೋಚಿ ಚೆಂಡು ಕೊಟ್ಟದ್ದು ಅದೇ ಜಿಟೋಗೆ. ಒಂಬತ್ತು ಇನ್ನಿಂಗ್ಸ್‌ಗಳ ಆ ಆಟದಲ್ಲಿ ಅವರು ಎಂಟನೆಯ ಇನ್ನಿಂಗ್ಸ್‌ವರೆಗೂ ಎದುರಾಳಿಗೆ ಒಂದೇ ಒಂದು ರನ್ ಬಿಟ್ಟುಕೊಡಲಿಲ್ಲ. ಮುಂದೆ ಡೆಟ್ರಾಯಿಟ್ ವಿರುದ್ಧ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯವನ್ನೂ ಗೆಲ್ಲಿಸಿದರು. ಎರಡು ವರ್ಷದ ಹಿಂದೆ ಪಟ್ಟಿಯಲ್ಲೇ ಇಲ್ಲದಿದ್ದವರು ಕರೆದಾಗ ಸಿದ್ಧರಾಗಿ ನಿಂತಿದ್ದರು, ಕರೆಯಲು ಮ್ಯಾನೇಜರ್ ಹಿಂಜರಿಯಲಿಲ್ಲ. ನನ್ನ ತಂಡದಲ್ಲಿ ಅಂಥ ದಿನ ಬಂದಿದ್ದರೆ ನಾನು ಯಾವ ಮುಖ ಹೊತ್ತು ಆ ಹಿರಿಯರನ್ನು ಕರೆಯುತ್ತಿದ್ದೆನೋ!

ಸೋಮವಾರ ಅವರ ಮೇಜಿನ ಬಳಿ ಕುರ್ಚಿ ಎಳೆದುಕೊಂಡು ಕುಳಿತು ತಪ್ಪೊಪ್ಪಿಕೊಂಡೆ. ಆ ವಾರದ ರಿಲೀಸ್‌ಗೂ ಅವರನ್ನು ಹಾಕಿರಲಿಲ್ಲ. ಅದನ್ನೂ, ಅದರ ಕಾರಣವನ್ನೂ, ಡಿಸೆಂಬರ್‌ನ ಡೇಟಾಬೇಸ್ ಬದಲಾವಣೆಯನ್ನು ಅವರಿಗೇ ವಹಿಸುವುದಾಗಿಯೂ ಮೇಲ್ ಕಳಿಸುವ ಮೊದಲೇ ಹೇಳಿದೆ. ಅವರು ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಿದ್ದು, "ಹಾಗಾದರೆ ಹಳೆಯ ಟೇಬಲ್‌ಗಳ ಪಟ್ಟಿ ಈಗಲೇ ತೆಗೆದಿಡಬೇಕು," ಎಂದು ಪೆನ್ನು ಹುಡುಕತೊಡಗಿದರು.