ಎಂಟು ಗಂಟೆಯ ಊಟ

"ರಾತ್ರಿಯ ಊಟವನ್ನು ಎಂಟು ಗಂಟೆಗೆ ಮುಗಿಸಿಬಿಡಬೇಕು" ಎಂದು ವೈದ್ಯರು ಹೇಳಿದರು. "ಎಂಟು ಗಂಟೆಗೆ ಊಟ ಮಾಡುವವರಿಗೆ ಅಡುಗೆ ಮಾಡುವುದೇ ನನ್ನ ಕೆಲಸ, ಸಾಹೇಬರೇ" ಎಂದು ಮಾವ ಉತ್ತರ ಕೊಟ್ಟರು. ಮಾತು ನಡೆದದ್ದು ಹಿಂದಿಯಲ್ಲಿ, ಕಳೆದ ಮಂಗಳವಾರ ದಾದರಿನ ಒಂದು ಆಸ್ಪತ್ರೆಯಲ್ಲಿ. ಮಾವನ ದನಿಯಲ್ಲಿ ವ್ಯಂಗ್ಯವೂ ಇರಲಿಲ್ಲ, ದೂರೂ ಇರಲಿಲ್ಲ. ವೈದ್ಯರಿಗೆ ತಿಳಿಯದಿದ್ದ ಒಂದು ವಿಷಯವನ್ನು ತಿಳಿಸುವ ಸೌಜನ್ಯವಷ್ಟೇ ಇತ್ತು. ವೈದ್ಯರ ಪೆನ್ನು ಒಂದು ಕ್ಷಣ ನಿಂತಿತು, ಬಳಿಕ ಮುಂದಿನ ಸಾಲಿಗೆ ಹೋಯಿತು. ಅಂದಿನಿಂದ ಲೋಕಲ್ ಟ್ರೈನಿನಲ್ಲಿ ನಿಂತಾಗಲೂ, ಕಚೇರಿಯಲ್ಲಿ ಕುಳಿತಾಗಲೂ ಆ ಎರಡು ವಾಕ್ಯಗಳು ನನ್ನ ಕಿವಿಯಲ್ಲಿ ಒಂದರ ಹಿಂದೆ ಒಂದರಂತೆ ಬರುತ್ತಲೇ ಇವೆ.

ಮಾವ ಎಂಬತ್ತರ ದಶಕದಲ್ಲಿ ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದವರು. ಹಗಲು ಹೋಟೆಲು, ರಾತ್ರಿ ಕನ್ನಡ ಶಾಲೆ ಎಂಬ ಅಂದಿನ ಕ್ರಮದಲ್ಲಿ ನಾಲ್ಕಕ್ಷರ ಕಲಿತು, ಲೋಟ ತೊಳೆಯುವಲ್ಲಿಂದ ದೋಸೆಯ ಕಾವಲಿಗೆ, ಅಲ್ಲಿಂದ ಸಾಂಬಾರಿನ ಕೊಪ್ಪರಿಗೆಗೆ ಬಡ್ತಿ ಪಡೆದು, ಈಗ ಫೋರ್ಟ್ ಕಡೆಯ ಒಂದು ಹೋಟೆಲಿನ ಮುಖ್ಯ ಅಡುಗೆಯವರಾಗಿದ್ದಾರೆ. ಸಂಸಾರ ಊರಿನಲ್ಲಿದೆ, ಮಲಗುವುದು ಹೋಟೆಲಿನ ಮಾಳಿಗೆಯಲ್ಲಿ. ಎದೆ ಉರಿ, ಹುಳಿ ತೇಗು ಅವರಿಗೆ ಹೊಸದಲ್ಲ. ಮೊದಲು ಜೀರಿಗೆ ಕಷಾಯ, ಆಮೇಲೆ ಈನೋ, ಆಮೇಲೆ ಗುಲಾಬಿ ಬಣ್ಣದ ಡೈಜಿನ್, ಕೊನೆಗೆ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಎಂದು ಅವರ ಅಂಗಿಯ ಜೇಬಿನಲ್ಲಿರುವ ವಸ್ತು ಬದಲಾಗುತ್ತಾ ಬಂದಿತು. ದಿನವಿಡೀ ನಿಂತು ಸವೆದ ಮೊಣಕಾಲಿಗೆ ಡೈಕ್ಲೊಫೆನಾಕ್ ಎಂಬ ನೋವಿನ ಮಾತ್ರೆ ಬೇರೆ ಇತ್ತು. ಈ ತಿಂಗಳು ದಾದರಿನ ಸೇತುವೆ ಹತ್ತುವಾಗ ಏದುಸಿರು ಬಂದು ಕುಳಿತರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಎಂಟಕ್ಕಿಂತ ಕೆಳಗಿತ್ತು. ಮಲದ ಬಣ್ಣ ಹೇಗಿದೆ ಎಂದು ವೈದ್ಯರು ಕೇಳಿದಾಗ ಮಾವ ನನ್ನ ಮುಖ ನೋಡಿ ನಾಚಿಕೊಂಡು, ಕೆಲವು ದಿನಗಳಿಂದ ಡಾಂಬರಿನ ಬಣ್ಣಕ್ಕಿದೆ, ಅಂಟಂಟಾಗಿಯೂ ಇದೆ ಎಂದು ಒಪ್ಪಿಕೊಂಡರು. ಹೊಟ್ಟೆಯೊಳಗೆ ಸುರಿದ ರಕ್ತ ಜೀರ್ಣವಾಗಿ ಹೊರಬರುವಾಗ ಹಾಗೆಯೇ ಕಾಣುತ್ತದೆ. ಹೊಟ್ಟೆನೋವೇನೂ ಇರಲಿಲ್ಲವಲ್ಲ ಎಂದು ಅವರು ವಾದಿಸಿದರು. ವಯಸ್ಸಾದವರಲ್ಲಿ, ಅದರಲ್ಲೂ ನೋವಿನ ಮಾತ್ರೆ ತಿನ್ನುವವರಲ್ಲಿ, ಹುಣ್ಣು ನೋವಿಲ್ಲದೆಯೇ ರಕ್ತ ಸುರಿಸಬಲ್ಲದು ಎಂಬುದು ಆ ದಿನ ನಮ್ಮಿಬ್ಬರಿಗೂ ತಿಳಿಯಿತು.

ಎಂಡೋಸ್ಕೋಪಿ ಬೇಗನೆ ಮುಗಿಯಿತು. ಸಣ್ಣ ಕರುಳಿನ ಆರಂಭದಲ್ಲಿ ಬಿಳಿಯ ತಳದ ಒಂದು ಹುಣ್ಣು, ಅನ್ನನಾಳದ ಕೆಳತುದಿಯಲ್ಲಿ ಹುಳಿ ಸುಟ್ಟ ಕೆಂಪು ಗೀರುಗಳು. ಅಂದರೆ ಎರಡು ಕಾಯಿಲೆಗಳು ಒಂದೇ ಮನೆಯಲ್ಲಿ ಬಾಡಿಗೆಗಿದ್ದವು. ಜಠರದಿಂದ ಚಿವುಟಿ ತೆಗೆದ ಸಾಸಿವೆಗಿಂತ ಚಿಕ್ಕದಾದ ಚೂರೊಂದನ್ನು ಅಲ್ಲಿದ್ದ ಹುಡುಗಿ ಹಳದಿ ಜೆಲ್ ತುಂಬಿದ ಪುಟ್ಟ ಗುಳಿಯಲ್ಲಿ ಒತ್ತಿಟ್ಟಳು. "ನೋಡುತ್ತಿರಿ, ಗುಲಾಬಿಯಾದರೆ ಕ್ರಿಮಿ ಇದೆ ಎಂದರ್ಥ" ಎಂದಳು. ನಾವು ನೋಡುತ್ತಿದ್ದಂತೆಯೇ ಚೂರಿನ ಅಂಚಿನಿಂದ ಬಣ್ಣ ಹಬ್ಬಿ ಇಡೀ ಗುಳಿ ರಾಣಿ ಬಣ್ಣಕ್ಕೆ ತಿರುಗಿತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಆ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತದೆ. ಆಮ್ಲದ ನಡುವೆ ಅದು ಬದುಕಿ ಉಳಿಯುವುದು ಆ ಅಮೋನಿಯದ ಬಲದಿಂದ, ಜೆಲ್ಲಿನ ಬಣ್ಣ ಬದಲಾಗುವುದೂ ಅದರಿಂದಲೇ. ಪ್ಯಾಂಟೊಪ್ರಜೋಲ್ ತಿನ್ನುತ್ತಿರುವವರಲ್ಲಿ ಈ ಪರೀಕ್ಷೆ ಕ್ರಿಮಿ ಇದ್ದರೂ ಇಲ್ಲವೆಂದು ತೋರಿಸುವುದುಂಟಂತೆ. ಮಾವನ ಹೊಟ್ಟೆಯ ಕ್ರಿಮಿಗಳು ಅಂಥ ಸಂದೇಹಕ್ಕೆ ಎಡೆಗೊಡಲಿಲ್ಲ.

ಊರಿಗೆ ಫೋನು ಮಾಡಿದಾಗ ಅತ್ತೆ ಮೊದಲು ಹೇಳಿದ್ದು "ನಾನು ಹೇಳಿರಲಿಲ್ಲವೇ, ಆ ಮೆಣಸು" ಎಂದು. ಅವರನ್ನು ದೂರುವಂತಿಲ್ಲ, ಏಕೆಂದರೆ 1980ರ ದಶಕದವರೆಗೆ ದೊಡ್ಡ ದೊಡ್ಡ ವೈದ್ಯರೂ ಖಾರ, ಚಿಂತೆ, ಆಮ್ಲ ಎಂದೇ ಹೇಳುತ್ತಿದ್ದರು. ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಹುಣ್ಣಿನ ಹಿಂದೆ ಬ್ಯಾಕ್ಟೀರಿಯಾ ಇದೆ ಎಂದಾಗ, ಆಮ್ಲದಲ್ಲಿ ಯಾವ ಜೀವಿ ಬದುಕೀತು ಎಂದು ನಕ್ಕವರೇ ಹೆಚ್ಚು. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾದ ದ್ರವವನ್ನು ತಾನೇ ಕುಡಿದು, ಜಠರದ ಉರಿಯೂತ ಬರಿಸಿಕೊಂಡು ತೋರಿಸಿದ. ಅವರಿಬ್ಬರಿಗೆ ನೊಬೆಲ್ ಬಂದದ್ದು 2005ರಲ್ಲಿ. ಅದಕ್ಕೂ ಹಿಂದೆ, ಆಮ್ಲ ತಗ್ಗಿಸುವ ಸಿಮೆಟಿಡಿನ್ ಎಂಬ ಮಾತ್ರೆ 1976ರಲ್ಲಿ ಮಾರುಕಟ್ಟೆಗೆ ಬರುವ ಮುನ್ನ, ಹುಣ್ಣು ವಾಸಿಯಾಗದವರ ಹೊಟ್ಟೆಯನ್ನೇ ಕೊಯ್ಯುತ್ತಿದ್ದರು. ಜಠರದ ಒಂದು ಭಾಗ ಕತ್ತರಿಸಿಕೊಂಡು ಬಂದು, ಜೀವಮಾನವಿಡೀ ಹಿಡಿ ಅನ್ನಕ್ಕೆ ಸಾಕೆನ್ನುತ್ತಿದ್ದ ಹಿರಿಯರೊಬ್ಬರು ನಮ್ಮ ಊರಿನಲ್ಲೇ ಇದ್ದರು. ಖಾರದಿಂದ ಉರಿ ಹೆಚ್ಚುವುದು ನಿಜ, ಹುಣ್ಣು ಹುಟ್ಟುವುದು ನಿಜವಲ್ಲ. ಇದನ್ನು ಅತ್ತೆಗೆ ವಿವರಿಸಿದೆ. "ಆದರೂ ಮೆಣಸು ಕಡಿಮೆ ತಿಂದರೆ ನಷ್ಟವೇನು?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ನನಗೆ ಸಿಟ್ಟು ಬಂದದ್ದು ಮೆಣಸಿನ ಮೇಲಲ್ಲ, ಡೈಕ್ಲೊಫೆನಾಕಿನ ಮೇಲೆ. ಜಠರದ ಗೋಡೆಯನ್ನು ಅದರದೇ ಆಮ್ಲದಿಂದ ಕಾಪಾಡುವ ಲೋಳೆಯ ಪದರಕ್ಕೆ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಬೇಕು. ಮೊಣಕಾಲಿನ ನೋವಿಗೂ ಇದೇ ಬಳಗದ ರಾಸಾಯನಿಕಗಳ ಪಾಲಿದೆ. ಮಾತ್ರೆ ಮೊಣಕಾಲಿನದು ಯಾವುದು, ಹೊಟ್ಟೆಯದು ಯಾವುದು ಎಂದು ನೋಡದೆ ಎರಡನ್ನೂ ನಿಲ್ಲಿಸುತ್ತದೆ. ಜೊತೆಗೆ ಕ್ರಿಮಿಯೂ ಇದ್ದರೆ ಅಪಾಯ ಇನ್ನೂ ಹೆಚ್ಚು. ಈ ಮಾತ್ರೆಯನ್ನು ಯಾರು ಬರೆದುಕೊಟ್ಟರು ಎಂದು ವೈದ್ಯರು ಕೇಳಿದರೆ, "ಯಾರೂ ಬರೆದುಕೊಟ್ಟಿಲ್ಲ, ಗಲ್ಲಾದಲ್ಲಿ ಇರುತ್ತದೆ" ಎಂದರು ಮಾವ.

ಪ್ಯಾಂಟೊಪ್ರಜೋಲನ್ನಾದರೂ ಸರಿಯಾಗಿ ತೆಗೆದುಕೊಳ್ಳುತ್ತಿದ್ದರೇ ಎಂದರೆ ಅದೂ ಇಲ್ಲ. ನಡುರಾತ್ರಿ ಉಂಡು, ಉರಿ ಎದ್ದ ಮೇಲೆ ನುಂಗುತ್ತಿದ್ದರು. ಆಮ್ಲ ಸುರಿಸುವ ಪಂಪುಗಳು ಚುರುಕಾಗುವುದು ಊಟ ಹೊಟ್ಟೆಗೆ ಬಂದಾಗ. ಆ ಹೊತ್ತಿಗೆ ಔಷಧ ರಕ್ತದಲ್ಲಿದ್ದರೆ ಮಾತ್ರ ಅವುಗಳನ್ನು ಕಟ್ಟಿಹಾಕಬಲ್ಲದು. ಆದ್ದರಿಂದಲೇ ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ ಎಂಬ ನಿಯಮ. ಪೂರ್ಣ ಪರಿಣಾಮಕ್ಕೆ ಮೂರು ನಾಲ್ಕು ದಿನಗಳೇ ಬೇಕು, ಉರಿ ಎದ್ದಾಗ ನುಂಗಿ ತಣಿಸಿಕೊಳ್ಳುವ ಮದ್ದು ಇದಲ್ಲ. ಡೊಂಬಿವಿಲಿಯ ನಮ್ಮ ಕಟ್ಟಡದಲ್ಲಿ ಇದನ್ನು ಬೆಳಗಿನ ತೀರ್ಥದಂತೆ ವರ್ಷಗಟ್ಟಲೆ ಸೇವಿಸುವ ಗೃಹಸ್ಥರೊಬ್ಬರಿದ್ದಾರೆ. ಕಾರಣ ಕೇಳಿದರೆ, ಬಿಟ್ಟರೆ ಉರಿ ಇಮ್ಮಡಿಯಾಗುತ್ತದೆ ಎನ್ನುತ್ತಾರೆ. ಅದೂ ಸುಳ್ಳಲ್ಲ: ಬಹುಕಾಲ ತಿಂದವರು ಥಟ್ಟನೆ ಬಿಟ್ಟರೆ ಜಠರ ಸ್ವಲ್ಪ ಕಾಲ ಮೊದಲಿಗಿಂತ ಹೆಚ್ಚು ಆಮ್ಲ ಸುರಿಸುತ್ತದೆ. ಕಾಯಿಲೆ ಮರಳಿತೆಂದು ಹೆದರಿ ಅವರು ಮತ್ತೆ ಮಾತ್ರೆಗೇ ಮರಳುತ್ತಾರೆ. ವರ್ಷಗಟ್ಟಲೆ ತಿಂದವರಲ್ಲಿ ಬಿ12, ಮೆಗ್ನೀಸಿಯಂ ಕಡಿಮೆಯಾಗುವುದುಂಟು. ಆದರೆ ಮಾವನಂತೆ ನಿಜವಾದ ಹುಣ್ಣಿದ್ದವರಿಗೆ ಇದು ಬೇಕೇ ಬೇಕು. ಬೇಕಾದವರು ತಪ್ಪು ಹೊತ್ತಿಗೆ, ಬೇಡದವರು ಸರಿಯಾದ ಹೊತ್ತಿಗೆ ತಿನ್ನುವುದನ್ನು ನಾನು ಒಂದೇ ವಾರದಲ್ಲಿ ನೋಡಿದೆ.

ಮಾತ್ರೆಯ ಹೊತ್ತನ್ನು ಸರಿಪಡಿಸುವುದು ಸುಲಭ. ಐದಕ್ಕೆ ಏಳುವ ಮಾವ ಎದ್ದ ಕೂಡಲೇ ನುಂಗಿ, ಮೊದಲ ಚಹಾವನ್ನು ಅರ್ಧ ಗಂಟೆ ಮುಂದೂಡಿದರೆ ಆಯಿತು. ಕಷ್ಟವಿರುವುದು ಜೀವನಶೈಲಿ ಎಂಬ ಉಳಿದರ್ಧದಲ್ಲಿ. ಮಲಗುವ ಮೂರು ಗಂಟೆ ಮೊದಲು ಊಟ ಮುಗಿಸಬೇಕು. ಹೋಟೆಲು ಬಾಗಿಲು ಹಾಕಿ, ಕೊಪ್ಪರಿಗೆ ತೊಳೆದು, ಕೆಲಸದವರು ತಟ್ಟೆ ಹಿಡಿಯುವುದು ಹನ್ನೆರಡರ ಸುಮಾರಿಗೆ, ಮತ್ತೆ ಐದಕ್ಕೆ ಏಳಬೇಕಾದವರು ಮೂರು ಗಂಟೆ ಎಚ್ಚರವಿರುವುದೆಂತು? ಮಂಚದ ತಲೆಯ ಕಡೆಯ ಕಾಲುಗಳನ್ನು ಆರರಿಂದ ಎಂಟು ಇಂಚು ಎತ್ತರಿಸಬೇಕು. ಮಾಳಿಗೆಯಲ್ಲಿ ಮಂಚವಿಲ್ಲ, ಸಾಲಾಗಿ ಹಾಸಿದ ಚಾಪೆಗಳಿವೆ. ದಿಂಬು ಹೆಚ್ಚಿಸಿದರೆ ಕತ್ತು ಮತ್ತು ಸೊಂಟ ಮಡಚಿ ಹೊಟ್ಟೆಯ ಮೇಲೆ ಒತ್ತಡ ಬೀಳುತ್ತದೆಯೇ ಹೊರತು ಉಪಯೋಗವಿಲ್ಲ. ಎಡಮಗ್ಗುಲಲ್ಲಿ ಮಲಗುವುದು ಒಳ್ಳೆಯದು, ಅನ್ನನಾಳ ಜಠರಕ್ಕಿಂತ ಮೇಲಿರುತ್ತದೆ. ಎಲ್ಲರೂ ಬಲಮಗ್ಗುಲಾದರೆ ಮಾತ್ರ ಎಲ್ಲರಿಗೂ ಜಾಗ ಸಾಲುವ ಮಾಳಿಗೆಯಲ್ಲಿ ಅದಕ್ಕೂ ಪಕ್ಕದವನ ಒಪ್ಪಿಗೆ ಬೇಕು. ಬೀಡಿಯನ್ನು ಮಾತ್ರ ಅವರು ಬಿಡಬಲ್ಲರು, ಬಿಡಲೇಬೇಕು, ಅದು ಹುಣ್ಣು ಮಾಯದಂತೆ ತಡೆಯುತ್ತದೆ. ಈ ಸಲಹೆಗಳಲ್ಲಿ ಒಂದೂ ತಪ್ಪಲ್ಲ. ಆದರೆ ಅವು ತನ್ನ ಹೊತ್ತು ತನ್ನ ಕೈಯಲ್ಲೇ ಇರುವ ಮನುಷ್ಯನಿಗಾಗಿ ಬರೆದವು. ಈ ಊರಿಗೆ ಹೊತ್ತು ಹೊತ್ತಿಗೆ ಬಿಸಿಯೂಟ ಬಡಿಸಿದವರಲ್ಲಿ ಅಂಥವರು ಎಷ್ಟು ಮಂದಿ? ಹೋಟೆಲಿನವರಷ್ಟೇ ಅಲ್ಲ, ರಾತ್ರಿ ಪಾಳಿಯ ದಾದಿಯರು, ಕಾವಲುಗಾರರು, ಕೊನೆಯ ಕಸಾರಾ ಲೋಕಲ್ ಹಿಡಿದು ಮನೆ ಸೇರುವವರು, ಎಲ್ಲರೂ ಉಂಡು ಕೈತೊಳೆದು ಹಾಸಿಗೆಗೇ ಬೀಳುತ್ತಾರೆ. ಅವರ ಜೇಬಿನ ಮಾತ್ರೆ ಹುಳಿಯನ್ನಷ್ಟೇ ತಗ್ಗಿಸುವುದಿಲ್ಲ, ಮರುದಿನದ ಪಾಳಿಗೆ ಅವರನ್ನು ಎಬ್ಬಿಸಿ ನಿಲ್ಲಿಸುತ್ತದೆ. ವೈದ್ಯರು ಸಹೃದಯರೇ, ಹೊರಗೆ ಕಾಯುತ್ತಿದ್ದ ಜನರೂ ಬಹಳ. ಆದರೂ "ಹಾಗಾದರೆ ನೀವು ಉಣ್ಣುವುದು ಎಷ್ಟಕ್ಕೆ?" ಎಂಬ ಒಂದು ಪ್ರಶ್ನೆಗೆ ಅವಕಾಶವಿತ್ತು ಎಂದೇ ನನಗೆ ಅನಿಸುತ್ತದೆ.

ಈಗ ಮಾವ ನಮ್ಮ ಮನೆಯಲ್ಲಿದ್ದಾರೆ. ಕ್ರಿಮಿಯನ್ನು ಕೊಲ್ಲಲು ಹದಿನಾಲ್ಕು ದಿನಗಳ ಚಿಕಿತ್ಸೆ: ಆಮ್ಲದ ಮಾತ್ರೆ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್. ಬಿಸ್ಮತ್ತಿನಿಂದಲೂ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ, ಆದರೆ ಮಲ ಮತ್ತೆ ಡಾಂಬರಿನಂತೆ ಅಂಟಂಟಾದರೆ ಅಥವಾ ತಲೆಸುತ್ತು ಬಂದರೆ ಓಡಿ ಬನ್ನಿ ಎಂದು ಮೊದಲೇ ಎಚ್ಚರಿಸಿದ್ದರು. ಬಂಧುಗಳೆಲ್ಲರೂ ತಣ್ಣನೆಯ ಹಾಲು ಕೊಡಿ ಎನ್ನುತ್ತಿದ್ದಾರೆ. ಹಾಲು ಕುಡಿದ ಗಳಿಗೆಗೆ ಹಿತ, ಬಳಿಕ ಅದೇ ಆಮ್ಲವನ್ನು ಕೆರಳಿಸುತ್ತದೆ. ಅಲ್ಲದೆ ಹಾಲಿನ ಕ್ಯಾಲ್ಸಿಯಂ ಟೆಟ್ರಾಸೈಕ್ಲಿನ್ನನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ. ರಕ್ತಹೀನತೆಗೆ ಕೊಟ್ಟ ಕಬ್ಬಿಣದ ಮಾತ್ರೆಯೂ ಹಾಗೆಯೇ, ಅದಕ್ಕೆ ಬೇರೆ ಹೊತ್ತು. ನನ್ನ ಹೆಂಡತಿ ಇದನ್ನೆಲ್ಲ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಮೆಟ್ರೊನಿಡಜೋಲಿನಿಂದ ಬಾಯಿಯೆಲ್ಲ ಲೋಹದ ರುಚಿ. ನಿನ್ನೆ ಅವಳ ಸಾಂಬಾರನ್ನು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, "ಹುಳಿಯನ್ನು ತಾಮ್ರದಲ್ಲಿ ಕುದಿಸಿದ್ದೀಯಾ?" ಎಂದು ಕೇಳಿದರು. ಸ್ಟೀಲಿನ ಪಾತ್ರೆ ತಂದು ತೋರಿಸಿದ ಮೇಲೂ ನಂಬಲಿಲ್ಲ. ಅವರಿಗೀಗ ಹುಣ್ಣಿಗಿಂತ ದೊಡ್ಡ ಚಿಂತೆ ನಾಲಿಗೆಯದು. ಉಪ್ಪಿನ ಹದ ತಿಳಿಯದವನನ್ನು ಯಾರು ಇಟ್ಟುಕೊಳ್ಳುತ್ತಾರೆ ಎನ್ನುತ್ತಾರೆ. ಕೋರ್ಸ್ ಮುಗಿದ ಮೇಲೆ ರುಚಿ ಮರಳುತ್ತದೆ. ಮುಗಿದು ನಾಲ್ಕು ವಾರವಾದರೂ ಕಳೆದ ಬಳಿಕ, ಅದರಲ್ಲಿ ಕೊನೆಯ ಎರಡು ವಾರ ಆಮ್ಲದ ಮಾತ್ರೆಯನ್ನೂ ನಿಲ್ಲಿಸಿ, ಕ್ರಿಮಿ ಹೋಗಿದೆಯೇ ಎಂದು ಮಲದ ಪರೀಕ್ಷೆ ಮಾಡಿಸಬೇಕು. ಹೆಚ್ಚಿನವರು ಇದನ್ನು ಮಾಡಿಸುವುದೇ ಇಲ್ಲ ಎಂದು ವೈದ್ಯರು ಬೇಸರಪಟ್ಟರು.

ಶುಕ್ರವಾರ ಹೋಟೆಲಿನ ಸಾಹುಕಾರರಿಗೆ ಫೋನು ಮಾಡಿದೆ. ಆಸ್ಪತ್ರೆಯ ಖರ್ಚಿನಲ್ಲಿ ಅರ್ಧವನ್ನು ಕೇಳದೆಯೇ ಕೊಟ್ಟ ಮನುಷ್ಯ, ಒಂದು ಕಾಲದಲ್ಲಿ ಅದೇ ಮಾಳಿಗೆಯಲ್ಲಿ ಮಲಗಿದವರು. ವರದಿಯನ್ನು ಓದಿ ಹೇಳಿದಾಗ, ಮಾವ ಮರಳಿದ ಮೇಲೆ ಸಂಜೆ ಆರೂವರೆಗೆ, ಗಿರಾಕಿಗಳ ನೂಕುನುಗ್ಗಲು ಶುರುವಾಗುವ ಮೊದಲೇ, ಊಟ ಮಾಡಲಿ ಎಂದು ಒಪ್ಪಿದರು. ಉಳಿದ ಹುಡುಗರೂ ಹಾಗೆಯೇ ಸರದಿಯಲ್ಲಿ ಉಣ್ಣಬಹುದಲ್ಲವೇ ಎಂದೆ. "ಅವರಿಗೇನಾಗಿದೆ?" ಎಂದು ಕೇಳಿದರು. ಗಲ್ಲಾದ ಡ್ರಾಯರಿನ ಮಾತ್ರೆಗಳ ವಿಷಯ ತೆಗೆದೆ. ಹುಡುಗರ ಉಪಕಾರಕ್ಕೆಂದೇ ಇಟ್ಟದ್ದು ಎಂದರು, ಅದು ನಿಜವೂ ಹೌದು. ಡೈಕ್ಲೊಫೆನಾಕ್ ತೆಗೆದುಬಿಡಿ, ಜ್ವರಕ್ಕೆ ಮೈಕೈನೋವಿಗೆ ಪ್ಯಾರಾಸಿಟಮಾಲ್ ಸಾಕು, ಅದನ್ನೂ ಲೆಕ್ಕವಿಟ್ಟು ಕೊಡಿ ಎಂದಾಗ, ಹೆಸರನ್ನು ಕನ್ನಡದಲ್ಲಿ ಬರೆದು ಕಳಿಸಲು ಹೇಳಿದರು, ಕಳಿಸಿದೆ. ಡ್ರಾಯರು ಖಾಲಿಯಾಯಿತೆಂದು ನಿನ್ನೆ ಸಂದೇಶ ಬಂತು. ಹುಡುಗರ ಊಟದ ಹೊತ್ತಿನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ, ಬರುವ ಭಾನುವಾರ ಮಾವನ ಬಟ್ಟೆ ತರಲು ಫೋರ್ಟಿಗೆ ಹೋದಾಗ ಮತ್ತೆ ಕೇಳುತ್ತೇನೆ.