ಕೈಕಾಲಿಗೆ ಬಿದ್ದ ಏಟು ಕೊಲೆಯಾಗುವುದು ಯಾವಾಗ?

ಆಂಧ್ರಪ್ರದೇಶದ ಹಳ್ಳಿಯೊಂದರ ಗುಂಪುದ್ವೇಷದ ಪ್ರಕರಣದಲ್ಲಿ ನ್ಯಾಯಮೂರ್ತಿ ಸರ್ಕಾರಿಯಾ ಅವರು 1976ರಲ್ಲಿ ಬರೆದ ಸುಪ್ರೀಂ ಕೋರ್ಟ್ ತೀರ್ಪನ್ನು ಇಂದು ಮತ್ತೆ ಓದಿದೆ. ಆಗಿನ ಭಾರತೀಯ ದಂಡ ಸಂಹಿತೆಯು ದಂಡನೀಯ ನರಹತ್ಯೆಯಲ್ಲಿ ಮೂರು ಶ್ರೇಣಿಗಳನ್ನು ಗುರುತಿಸುತ್ತದೆ ಎಂದು ಅದು ವಿವರಿಸುತ್ತದೆ: ಅತ್ಯಂತ ಘೋರವಾದದ್ದು 300ನೇ ಕಲಮಿನ ಕೊಲೆ, ಅದರ ಕೆಳಗೆ 304ನೇ ಕಲಮಿನ ಮೊದಲ ಭಾಗ (ಉದ್ದೇಶವಿದ್ದರೂ ಕೊಲೆಯೆನಿಸದ ಹತ್ಯೆ), ಕೊನೆಗೆ ಎರಡನೆಯ ಭಾಗ (ಉದ್ದೇಶವಿಲ್ಲದೆ, ಸಾವು ಸಂಭವಿಸಬಹುದೆಂಬ ಅರಿವಷ್ಟೇ ಇದ್ದ ಹತ್ಯೆ).

ಆ ಪ್ರಕರಣದಲ್ಲಿ ದಪ್ಪ ದೊಣ್ಣೆಗಳ ಏಟುಗಳು ಬಿದ್ದದ್ದು ಕೈಕಾಲುಗಳಿಗೆ. ಮರ್ಮಸ್ಥಾನಕ್ಕೆ ಹೊಡೆದಿಲ್ಲವಾದ್ದರಿಂದ ಕೊಲ್ಲುವ ಉದ್ದೇಶವಿರಲಿಲ್ಲವೆಂದು ಭಾವಿಸಿದ ಹೈಕೋರ್ಟ್, ಅಪರಾಧವನ್ನು ಕೊನೆಯ ಶ್ರೇಣಿಗೆ ಇಳಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸಾವನ್ನು ಬಯಸಿರದಿದ್ದರೂ, ಆ ಗಾಯಗಳನ್ನೇ ಬೇಕೆಂದು ಮಾಡಿದ್ದು, ಅವೆಲ್ಲ ಒಟ್ಟಾಗಿ ಸಹಜಗತಿಯಲ್ಲಿ ಸಾವನ್ನು ತರಲು ಸಾಕಾಗುವಂತಿದ್ದರೆ ಅದು ಕೊಲೆಯೇ ಎಂದು ಹೇಳಿ, ಕೊಲೆಯ ಶಿಕ್ಷೆಯನ್ನು ಮರಳಿ ವಿಧಿಸಿತು. ಈ ತರ್ಕ ನನಗೆ ನ್ಯಾಯವೆನಿಸುತ್ತದೆ. ಇಲ್ಲವಾದರೆ ತಲೆಯೊಂದನ್ನು ಬಿಟ್ಟು ಮೈಯೆಲ್ಲ ಜಜ್ಜಿದವನು ತನ್ನ ಎಚ್ಚರಿಕೆಯನ್ನೇ ರಕ್ಷಣೆಯಾಗಿ ಮುಂದಿಡಬಹುದಿತ್ತು.

ಹಠಾತ್ ಜಗಳ, ತೀವ್ರ ಪ್ರಚೋದನೆಯಂಥ ವಿನಾಯಿತಿಗಳು ಇದ್ದೇ ಇವೆ. ಅವು ಕೊಲೆಯನ್ನು ಕೆಳಗಿನ ಶ್ರೇಣಿಗೆ ತರುತ್ತವೆಯೇ ಹೊರತು ಅಪರಾಧವನ್ನು ಅಳಿಸುವುದಿಲ್ಲ.

ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೊಲೆಯ ವ್ಯಾಖ್ಯೆ 101ನೇ ಕಲಮಿಗೂ, ಕೊಲೆಯಲ್ಲದ ನರಹತ್ಯೆಯ ಶಿಕ್ಷೆ 105ಕ್ಕೂ ಸರಿದಿವೆ. ಉದ್ದೇಶವಿದ್ದು ಕೊಲೆಯೆನಿಸದ ಹತ್ಯೆಗೆ, ಜೀವಾವಧಿ ಶಿಕ್ಷೆ ವಿಧಿಸದಿದ್ದಲ್ಲಿ, ಈಗ ಕನಿಷ್ಠ 5 ವರ್ಷದ ಸೆರೆ ಕಡ್ಡಾಯ. ಹಿಂದೆ ಅಂಥ ಕನಿಷ್ಠ ಮಿತಿ ಇರಲಿಲ್ಲವಾದ್ದರಿಂದ, ಈ ಬದಲಾವಣೆಯನ್ನು ನಾನು ಸ್ವಾಗತಿಸುತ್ತೇನೆ.